‘ಸಂಸ್ಕಾರ’ಕ್ಕೆ ಒಂದು ನೆಟ್ಟಗಿರೋ ಕಾಪಿ ಬೇಕು

ಸಂಪಾದಕರಿಗೆ ನಮಸ್ಕಾರ,

ನನ್ನ ಮಗಳು ಡಿಗ್ರಿ ಎರಡನೇ ವರ್ಷ, ಕನ್ನಡ ಐಚ್ಛಿಕ ತಗೊಂಡಿದ್ದಾಳೆ. ಹೋದ ತಿಂಗಳು ‘ಸಂಸ್ಕಾರ’ ಕಾದಂಬರಿ ಎರಡೇ ದಿನದಲ್ಲಿ ಓದಿ ಮುಗಿಸಿ, ಅಪ್ಪಾ ಇದರ ಸಿನಿಮಾ ನೋಡ್ಬೇಕು ಅಂತ ಹಟ ಹಿಡಿದ್ಲು. ನನ್ನ ಹತ್ರ ಹತ್ತು ಹನ್ನೆರಡು ವರ್ಷದ ಹಿಂದೆ ತಗೊಂಡಿದ್ದ ಡಿವಿಡಿ ಇತ್ತು, ಒಂದೇ ಡಿಸ್ಕಿಗೆ ಮೂರು ಸಿನಿಮಾ ತುರುಕಿರೋದು, ಅದನ್ನೇ ಹುಡುಕಿ ತೆಗೆದು ಒರೆಸಿ ಹಾಕ್ದೆ. ನಮ್ಮಮ್ಮನೂ ಬಂದು ಕೂತ್ಲು, ಅವಳು ಮದುವೆಗೆ ಮುಂಚೆ ಟಾಕೀಸಲ್ಲಿ ನೋಡಿದ್ದ ಸಿನಿಮಾ ಅದು.

ಶುರುವಾಗಿ ಹತ್ತು ನಿಮಿಷಕ್ಕೆ ಬೇಜಾರಾಯ್ತು. ಮೂಲ ಚಿತ್ರದ ಅಳತೆ ಕಮ್ಮಿ ಅಗಲದ್ದು, ಅದನ್ನ ಈಗಿನ ಟಿವಿಗೆ ಸರಿಯಾಗ್ಲಿ ಅಂತ ಎರಡೂ ಕಡೆ ಎಳೆದು ಹಿಗ್ಗಿಸಿದ್ದಾರೆ. ಕಥೆಯಲ್ಲಿ ಬ್ರಾಹ್ಮಣರ ಅಗ್ರಹಾರದಲ್ಲಿ ಆಚಾರ ಬಿಟ್ಟಿದ್ದ ನಾರಣಪ್ಪನ ಹೆಣ ಬಿದ್ದಿದೆ, ಅದರ ಸಂಸ್ಕಾರ ಆಗೋತನಕ ಯಾರೂ ಊಟ ಮಾಡೋ ಹಾಗಿಲ್ಲ, ಎಲ್ಲರೂ ಹಸಿವಿಂದ ಕಂಗೆಟ್ಟಿದ್ದಾರೆ, ನಮ್ಮ ಟಿವಿಯಲ್ಲಿ ನೋಡಿದ್ರೆ ಎಲ್ಲರ ಮುಖನೂ ಉಂಡು ತೇಗಿದವರ ಹಾಗೆ ದುಂಡಗೆ! ಯಾರಾದ್ರೂ ಸ್ವಲ್ಪ ಅಲ್ಲಾಡಿದ್ರೂ ಅಂಚಲ್ಲಿ ಬಾಚಣಿಗೆ ಹಲ್ಲಿನ ತರ ಗೆರೆ ಗೆರೆ ಬರುತ್ತೆ. ಮಾತಿನ ಹಿಂದೆ ಒಂದೇ ಸಮ ಸುಯ್ಯ್ ಅನ್ನೋ ಸದ್ದು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ಕೊಟ್ಟಿರೋ ಸಿನಿಮಾ ಸ್ವಾಮಿ ಇದು, ಆ ಗಲಾಟೆಯಲ್ಲಿ ಅದು ಕೇಳೋದೇ ಇಲ್ಲ.

ಆಮೇಲೆ ಕಾಡಿನ ರಾತ್ರಿ ಸೀನ್ ಬಂತು, ನಾರಣಪ್ಪನ ಜೊತೆ ಬಾಳ್ತಿದ್ದ ಚಂದ್ರಿ ಮತ್ತು ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರು ಒಂದಾಗೋದು. ಇಡೀ ಕಾದಂಬರಿ ತಿರುಗೋದೇ ಅಲ್ಲಿ. ಸ್ಕ್ರೀನ್ ಮೇಲೆ ಏನಿತ್ತು ಅಂದ್ರೆ ಕಪ್ಪು, ಬರೀ ಕಪ್ಪು, ಮರ ಯಾವುದು ಮನುಷ್ಯ ಯಾರು ಗೊತ್ತಾಗಲ್ಲ. ಅಮ್ಮ ಹೇಳಿದ್ಲು, ‘ಅವತ್ತು ಅವಳ ಮುಖ ಕಂಡಿತ್ತಲ್ಲೋ, ನನಗೆ ಇವತ್ತಿಗೂ ನೆನಪಿದೆ.’ ಮುಂದೆ ಒಂದು ಕಡೆ ಚಿತ್ರ ಪಟಕ್ಕನೆ ಹಾರಿ ಬೇರೆ ಕಡೆ ಹೋಯ್ತು. ಮಗಳು ಕೇಳಿದ್ಲು: ಅಪ್ಪಾ ಇದು ಸೆನ್ಸಾರ್‌ನವರು ಕತ್ತರಿಸಿದ್ದಾ, ರೀಲು ಹರಿದಿದ್ದಾ, ಇಲ್ಲಾ ಡಿಸ್ಕಲ್ಲಿ ಜಾಗ ಸಾಲದೆ ಇವರೇ ತೆಗೆದಿದ್ದಾ? ನನ್ನ ಹತ್ರ ಉತ್ತರ ಇರಲಿಲ್ಲ, ಈ ಪತ್ರ ಬರೀತಿರೋದೂ ಅದಕ್ಕೇ.

ಯಾಕಂದ್ರೆ ಬೇರೆ ಸಿನಿಮಾದಲ್ಲಿ ಎರಡು ನಿಮಿಷ ಹೋದ್ರೆ ಒಂದು ಹಾಡು ಹೋಯ್ತು ಅಂತ ಸುಮ್ಮನಾಗ್ಬಹುದು, ವಿವಾದ ಆಗಿದ್ದ ಕಾದಂಬರಿಯ ಸಿನಿಮಾದಲ್ಲಿ ಹಾಗಲ್ಲ, ಅಲ್ಲಿ ಏನು ತೋರಿಸಿದ್ರು ಏನು ತೋರಿಸ್ಲಿಲ್ಲ ಅನ್ನೋದೇ ಚರ್ಚೆ. ಅನಂತಮೂರ್ತಿಯವರ ಪುಸ್ತಕ ಬಂದಿದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿ ಅದನ್ನ ಸಿನಿಮಾ ಮಾಡಿದಾಗ ಮದ್ರಾಸಿನ ಸೆನ್ಸಾರ್ ಬೋರ್ಡು ಸರ್ಟಿಫಿಕೇಟೇ ಕೊಡಲ್ಲ ಅಂತು, ವಿಷಯ ಕೇಂದ್ರ ಸರ್ಕಾರದ ತನಕ ಹೋಗಿ ಕೊನೆಗೆ ಬಿಡುಗಡೆ ಆಯ್ತು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡೋ ರಾಷ್ಟ್ರಪ್ರಶಸ್ತಿ, 1970ರ ಸ್ವರ್ಣಕಮಲ ಬಂತು, ಕನ್ನಡಕ್ಕೆ ಮೊದಲನೇದು. ಕಾರ್ನಾಡರು ಪ್ರಾಣೇಶಾಚಾರ್ಯ, ಚಿತ್ರಕಥೆಯೂ ಅವರದ್ದೇ, ಲಂಕೇಶರು ನಾರಣಪ್ಪ, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಚಂದ್ರಿ ಆಗಿದ್ದ ಸ್ನೇಹಲತಾ ರೆಡ್ಡಿಯವರನ್ನ ಎಮರ್ಜೆನ್ಸಿಯಲ್ಲಿ ಬೆಂಗಳೂರು ಜೈಲಿಗೆ ಹಾಕಿದ್ರು, ಅಸ್ತಮಾ ಜೋರಾಗಿ 1977ರ ಜನವರಿಯಲ್ಲಿ ಬಿಟ್ರು, ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡ್ರು. ಅಂಥಾ ಹೆಣ್ಣುಮಗಳ ಮುಖ ಇರೋ ಸಿನಿಮಾ ಸಾರ್, ಅದರಲ್ಲೇ ಮುಖ ಕಾಣದಿದ್ರೆ ಹೇಗೆ?

ಹಳೇ ಸಿನಿಮಾ ಅಲ್ವಾ ಹಾಗೇ ಇರುತ್ತೆ ಅಂತ ಹೇಳೋರಿದ್ದಾರೆ. ತಪ್ಪು. ವಿಸಿಡಿಯಲ್ಲಿ ಚಿತ್ರ ಅಂದ್ರೆ 352 ಅಡ್ಡ 288 ಚುಕ್ಕಿ, ಅಷ್ಟೇ, ಡಿವಿಡಿಯಲ್ಲಿ 720 ಅಡ್ಡ 576, ಅದ್ರಲ್ಲೂ ಒಂದು ಡಿಸ್ಕಿಗೆ ಮೂರು ಸಿನಿಮಾ ತುಂಬಿದ್ರೆ ಒಂದೊಂದಕ್ಕೆ ಸಿಗೋ ಜಾಗ ಕಮ್ಮಿಯಾಗಿ ಕತ್ತಲೆ ಸೀನೆಲ್ಲಾ ಕಲಸಿ ಹೋಗುತ್ತೆ. ಆದ್ರೆ 35 ಎಂಎಂ ನೆಗೆಟಿವ್, ಅಂದ್ರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮು, ಚೆನ್ನಾಗಿದ್ರೆ ಅದರಿಂದ 4ಕೆ ತನಕ, ಅಂದ್ರೆ ಅಡ್ಡಕ್ಕೇ ಸುಮಾರು ನಾಲ್ಕು ಸಾವಿರ ಚುಕ್ಕಿ ತನಕ ತೆಗೀಬಹುದು. ಅಂದ್ರೆ ಐವತ್ತು ವರ್ಷದ ಹಿಂದಿನ ಫಿಲ್ಮಲ್ಲಿ ನಾವು ಮನೆಯಲ್ಲಿ ನೋಡೋದಕ್ಕಿಂತ ಎಷ್ಟೋ ಪಟ್ಟು ವಿವರ ಇದೆ, ಕೆಟ್ಟಿರೋದು ಕಾಪಿ ಮಾಡಿದವರ ಕೆಲಸ.

ದೂರ ಯಾಕೆ, ಅನಂತಮೂರ್ತಿಯವರದ್ದೇ ಕಥೆ, ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನ ಹಳೇ ಸಿನಿಮಾ ಉಳಿಸೋ ಕೆಲಸ ಮಾಡೋ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಹೊರದೇಶದ ಸಂಸ್ಥೆಗಳ ಜೊತೆ ಸೇರಿ ರಿಪೇರಿ ಮಾಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಸತ್ಯಜಿತ್ ರಾಯ್ ಅವರ ಅಪು ಸಿನಿಮಾಗಳ ನೆಗೆಟಿವ್ 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟಿತ್ತು, ಆ ಸುಟ್ಟಿದ್ದನ್ನೂ ಬಿಸಾಕದೆ ಇಟ್ಟುಕೊಂಡು, ಕೈಯಲ್ಲಿ ಒಂದೊಂದೇ ತುಂಡು ಸರಿಮಾಡಿ 2015ರಲ್ಲಿ ಬ್ಲೂ-ರೇ ತಂದ್ರು. ಸುಟ್ಟಿರೋದನ್ನೇ ಉಳಿಸೋಕಾದ್ರೆ!

ಭೈರಪ್ಪನವರ ಕಾದಂಬರಿಯ ‘ವಂಶವೃಕ್ಷ’ದ್ದೂ ಇದೇ ಗತಿ, ಕನಿಷ್ಠ ನನ್ನ ಕೈಗೆ ಸಿಕ್ಕಿದ್ದರದ್ದು, ಟಿವಿಯಿಂದ ರೆಕಾರ್ಡ್ ಮಾಡಿದ್ದು, ಮೂಲೆಯಲ್ಲಿ ಚಾನೆಲ್ ಗುರುತು ಸಮೇತ. ಅದರಲ್ಲಿ ಬರೋ ವಿಧವೆ ಕಾತ್ಯಾಯನಿಯ ಮರುಮದುವೆ ಬಗ್ಗೆ ಇವತ್ತಿಗೂ ನಮ್ಮ ಮನೆಗಳಲ್ಲಿ ಜಗಳ ಆಗುತ್ತೆ, ಸಿನಿಮಾ ಮಾತ್ರ ಮಂಜಲ್ಲಿ ನೋಡಿದ ಹಾಗೆ. ಪುಸ್ತಕ ಆದ್ರೆ ಮೇಲಿಂದ ಮೇಲೆ ಮರುಮುದ್ರಣ ಆಗ್ತವೆ, ಅಚ್ಚು ಮಸುಕಾಗಿದ್ರೆ ಓದುಗರು ಅಂಗಡಿಗೆ ವಾಪಸ್ ಒಯ್ದು ಜಗಳ ಮಾಡ್ತಾರೆ, ಸಿನಿಮಾ ವಿಷಯದಲ್ಲಿ ಯಾಕೆ ಕೇಳಲ್ವೋ.

ಸರ್ಕಾರಕ್ಕೆ, ಚಲನಚಿತ್ರ ಅಕಾಡೆಮಿಗೆ ನನ್ನ ಮನವಿ ಇಷ್ಟೇ. ಪುಣೆಯ ಫಿಲ್ಮ್ ಆರ್ಕೈವ್ ಜೊತೆ ಕೂತು ಮಾತಾಡಿ, ಇಂಥ ಸಿನಿಮಾಗಳ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಜನಕ್ಕೆ ತಿಳಿಸ್ಲಿ, ಆಮೇಲೆ ಒಂದೊಂದಾಗಿ ಸರಿಯಾದ ಅಳತೆಯಲ್ಲಿ, ಪೂರ್ತಿಯಾಗಿ ಹೊರಗೆ ತರಲಿ. ಸೆನ್ಸಾರ್ ಜೊತೆ ನಡೆದ ಕಾಗದಪತ್ರ ಸಿಕ್ಕಿದ್ರೆ ಅದನ್ನೂ ಜೊತೆಗೇ ಕೊಡ್ಲಿ. ಡಿಸ್ಕ್ ಈಗ ಯಾರು ತಗೋತಾರೆ ಅಂದ್ರೆ ಆನ್‌ಲೈನಲ್ಲೇ ದುಡ್ಡು ತಗೊಂಡು ತೋರಿಸ್ಲಿ, ನಾನು ಕೊಡ್ತೀನಿ, ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಮನೆಯವರು ಕೊಡ್ತಾರೆ.

ಮಗಳು ಇದೇ ಸಿನಿಮಾದ ಮೇಲೆ ಕಾಲೇಜಿಗೆ ಪ್ರಬಂಧ ಬರೀತಿದ್ದಾಳೆ. ಕಾಡಿನ ಸೀನ್ ಆದಮೇಲೆ ಚಿತ್ರ ಹಾರೋ ಆ ಜಾಗದಲ್ಲಿ ಮೂಲದಲ್ಲಿ ಏನಿತ್ತು ಅಂತ ಟಾಕೀಸಲ್ಲಿ ನೋಡಿ ನೆನಪಿಟ್ಟುಕೊಂಡಿರೋ ಹಿರಿಯರು ಯಾರಾದ್ರೂ ಇದ್ರೆ, ದಯವಿಟ್ಟು ಈ ಅಂಕಣಕ್ಕೇ ನಾಲ್ಕು ಸಾಲು ಬರೀರಿ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ