ಪುಟ್ಟಿ, ಮೊದಲು ಸಾಕ್ಷಿಯ ಮಾತು ಓದು

ಪ್ರೀತಿಯ ಪುಟ್ಟಿಗೆ, ನಿನ್ನ ಮಾವನ ಆಶೀರ್ವಾದಗಳು.

ಮೊನ್ನೆ ನಿನ್ನಮ್ಮ ಫೋನ್ ಮಾಡಿ ಅರ್ಧ ಗಂಟೆ ಬೇಜಾರು ತೋಡಿಕೊಂಡಳು. ಲಾ ಕಾಲೇಜಿನಲ್ಲಿ ನೀನು ಅಂತರರಾಷ್ಟ್ರೀಯ ಅಪರಾಧ ನ್ಯಾಯದ ವಿಷಯ ತಗೊಂಡಿದ್ದೀಯಂತೆ. "ಭಾರತವೇ ಸೇರದ ಕೋರ್ಟಿನ ಕಾನೂನು ಓದಿ ಏನು ಮಾಡುತ್ತಾಳೆ?" ಅಂತ ಅವಳ ಚಿಂತೆ. ಅವಳ ಮಾತು ಸುಳ್ಳಲ್ಲ. ಅವಳು ಹೇಳಿದ್ದು ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮಾತು. 1998ರಲ್ಲಿ ರೋಮ್‌ನಲ್ಲಿ ಆ ಕೋರ್ಟಿಗೆ 120 ದೇಶಗಳು ಒಪ್ಪಿಗೆ ಕೊಟ್ಟವು, 7 ವಿರೋಧಿಸಿದವು. ಯಾವ ಕಡೆಗೂ ಮತ ಹಾಕದ 21ರಲ್ಲಿ ನಮ್ಮದೂ ಒಂದು. ಇವತ್ತಿಗೂ ನಾವು ಸದಸ್ಯರಲ್ಲ. ಹೇಗ್‌ನಲ್ಲಿ ಕೆಲಸ ಸಿಗುವುದು ಕಷ್ಟವೇ. ಆದರೂ ನೀನು ಓದು ಅಂತಲೇ ನಾನು ಹೇಳುವುದು.

ನೀನು ಕಳಿಸಿದ ಸಿಲೆಬಸ್ ನೋಡಿದೆ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿ, ಜಪಾನಿನ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್, ಟೋಕಿಯೊ ನ್ಯಾಯಮಂಡಳಿಗಳು, ಹೇಗ್ ಕೋರ್ಟನ್ನು ಕಟ್ಟಿದ ರೋಮ್ ಶಾಸನದ ಕಲಂಗಳು. ಎಲ್ಲ ಬೇಕು, ಆದರೆ ಆಮೇಲೆ. ಮೊದಲು ಒಂದೇ ಒಂದು ತೀರ್ಪು ಹಿಡಿದು ಕೂರು. ರುವಾಂಡಾದ ಅಕಾಯೆಸು ಪ್ರಕರಣ. ತಾಬಾ ಅನ್ನುವ ಊರಿನ ಮೇಯರ್ ಅವನು, ಮೊದಲು ಮೇಷ್ಟ್ರಾಗಿದ್ದವನು. 1994ರಲ್ಲಿ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರನ್ನು ಸಾಮೂಹಿಕವಾಗಿ ಕೊಂದಾಗ ಅವನ ಕಚೇರಿಯ ಅಂಗಳದಲ್ಲೇ ಘೋರ ಕೃತ್ಯಗಳು ನಡೆದವು. ರುವಾಂಡಾಕ್ಕಾಗಿ ವಿಶ್ವಸಂಸ್ಥೆ ಟಾಂಜಾನಿಯಾದ ಅರೂಷಾದಲ್ಲಿ ನಡೆಸಿದ ನ್ಯಾಯಮಂಡಳಿ 1998ರ ಸೆಪ್ಟೆಂಬರ್ 2ರಂದು ಅವನನ್ನು ಅಪರಾಧಿ ಅಂತ ಹೇಳಿತು. ನರಮೇಧದ ಆರೋಪದ ಮೇಲೆ ಅಂತರರಾಷ್ಟ್ರೀಯ ಕೋರ್ಟೊಂದು ವಿಚಾರಣೆ ನಡೆಸಿ, ಅಪರಾಧಿ ಅಂತ ಕೊಟ್ಟ ಮೊದಲ ತೀರ್ಪು ಅದು.

ಒಂದು ವಿಷಯ ಗಮನಿಸು. ವಿಚಾರಣೆ ಶುರುವಾದಾಗ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಕೊಲೆಗಳ ಬಗ್ಗೆ ಹೇಳಲು ಬಂದ ಒಬ್ಬ ತಾಯಿ, ತನ್ನ ಆರು ವರ್ಷದ ಮಗಳ ಮೇಲೆ ಮೂವರು ಎರಗಿದ್ದನ್ನು ಕಟಕಟೆಯಲ್ಲಿ ನಿಂತು ಹೇಳಿದಳು. ತೀರ್ಪಿನಲ್ಲಿ ಅವಳ ಹೆಸರಿಲ್ಲ, 'ಸಾಕ್ಷಿ ಜೆ' ಅಷ್ಟೇ. ಆಮೇಲೆ 'ಸಾಕ್ಷಿ ಹೆಚ್' ಬಂದಳು. ತನ್ನ ಮೇಲೆ ಜೋಳದ ಹೊಲದಲ್ಲಿ ಅತ್ಯಾಚಾರವಾಯಿತು ಅಂದಳು. ಈ ಮಾತುಗಳನ್ನು ಕೇಳಿಸಿಕೊಂಡ ಪೀಠದಲ್ಲಿದ್ದ ಒಬ್ಬಳೇ ಮಹಿಳಾ ನ್ಯಾಯಾಧೀಶೆ, ದಕ್ಷಿಣ ಆಫ್ರಿಕಾದ ತಮಿಳು ಮನೆತನದ ನವನೀತಮ್ ಪಿಳ್ಳೈ. 1997ರ ಜೂನ್‌ನಲ್ಲಿ ಪ್ರಾಸಿಕ್ಯೂಷನ್ನಿನವರು ಆರೋಪಪಟ್ಟಿ ತಿದ್ದಿ ಅತ್ಯಾಚಾರವನ್ನೂ ಸೇರಿಸಿದರು. ಕೊನೆಗೆ, ಒಂದು ಜನಾಂಗವನ್ನು ಅಳಿಸುವ ಉದ್ದೇಶದಿಂದ ಮಾಡಿದ ಅತ್ಯಾಚಾರವೂ ನರಮೇಧವೇ ಅಂತ ತೀರ್ಪು ಬಂತು. ಆ ಹೆಂಗಸರು ಬಾಯಿ ಬಿಡದಿದ್ದರೆ, ಅವರ ಮಾತನ್ನು ಯಾರೂ ಕಿವಿಗೊಟ್ಟು ಕೇಳದಿದ್ದರೆ, ನಿನ್ನ ಪಠ್ಯದಲ್ಲಿ ಆ ಪಾಠವೇ ಇರುತ್ತಿರಲಿಲ್ಲ, ಅಲ್ವಾ?

ಅದೇ ತೀರ್ಪಿನಲ್ಲಿ ಭಾಷೆಯ ಬಗ್ಗೆ ಒಂದು ಭಾಗ ಇದೆ. ಹುಡುಗರು ಅದನ್ನು ಹಾರಿಸಿಬಿಡುತ್ತಾರೆ. ನೀನು ಹಾರಿಸಬೇಡ. ರುವಾಂಡಾದ ಕಿನ್ಯರ್ವಾಂಡ ಭಾಷೆಯಲ್ಲಿ ಸಾಕ್ಷಿಗಳು ನಾಲ್ಕು ಬೇರೆ ಬೇರೆ ಮಾತು ಬಳಸಿದ್ದರು. ಒಂದರ ನೇರ ಅರ್ಥ 'ಒಂದೇ ಹಾಸಿಗೆ ಹಂಚಿಕೊಳ್ಳುವುದು', ಇನ್ನೊಂದರದ್ದು 'ಬಲವಂತವಾಗಿ ತಗೊಳ್ಳುವುದು'. ದುಭಾಷಿಗಳು ನಾಲ್ಕಕ್ಕೂ ಅತ್ಯಾಚಾರ ಅಂತಲೇ ಹೇಳಿದ್ದರು. ಅದು ಸರಿಯೇ ಅಂತ ಕೋರ್ಟು ಒಂದೊಂದು ಪದವನ್ನೂ, ಹೇಳಿದ ಸಂದರ್ಭವನ್ನೂ ನೋಡಿ ತೂಗಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿನಗೆ ಇದುವರೆಗೆ ಹೇಳದ ಮಾತೊಂದಿದೆ. ನಾನು ಸ್ಟೆನೋ ಆಗಿ ಸೇರಿದ ಹೊಸತು. ಒಂದು ಊರಿನ ಕೋರ್ಟಿನಲ್ಲಿ ಕೂಲಿ ಹೆಂಗಸೊಬ್ಬಳು ಕಟಕಟೆ ಹಿಡಿದು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, "ನನ್ನ ಮರ್ಯಾದಿ ತೆಗೆದ ಸ್ವಾಮಿ" ಅಂದಳು. ಅದು ಇಂಗ್ಲಿಷಿಗೆ ಹೋಗಿ 'ನನ್ನನ್ನು ಅವಮಾನಿಸಿದ' ಅಂತಾಯಿತು. ಟೈಪ್ ಮಾಡಿದ್ದು ನಾನೇ, ಎರಡು ಕಾರ್ಬನ್ ಹಾಕಿ. ಅವಳು ಹೇಳಿದ್ದು ಅವಮಾನ ಅಲ್ಲ ಅಂತ ನನಗೆ ಗೊತ್ತಿತ್ತು. ಅದು ನಮ್ಮ ಕಡೆಯ ಮಾತು. ಸ್ಟೆನೋ ಮಧ್ಯೆ ಬಾಯಿ ಹಾಕುವ ಹಾಗಿಲ್ಲ ಅಂತ ಸುಮ್ನೆ ಇದ್ದುಬಿಟ್ಟೆ. ಹೇಳಿಕೆ ಓದಿ ಹೇಳಿದರು, ಅವಳು ಹೆಬ್ಬೆಟ್ಟು ಒತ್ತಿದಳು. ಕಡತದಲ್ಲಿ ಇವತ್ತಿಗೂ ಅದು ಅವಮಾನವೇ.

ಅದಕ್ಕೇ ಹೇಳುವುದು. ಮೂಟ್ ಕೋರ್ಟ್ ಅಂದರೆ ಕಾಲೇಜಿನವರ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಕಪ್ ಗೆಲ್ಲುವುದಕ್ಕಿಂತ ಜಾಸ್ತಿ ಹೊತ್ತನ್ನು ಸಾಕ್ಷ್ಯದ ಕಾನೂನಿಗೆ ಕೊಡು. ಫ್ರೆಂಚ್ ಈಗಲೇ ಶುರು ಮಾಡು. ಇಂಗ್ಲಿಷ್ ಜೊತೆ ಹೇಗ್ ಕೋರ್ಟಿನ ಕೆಲಸದ ಭಾಷೆ ಅದು. ಕನ್ನಡವನ್ನೂ ಬಿಡಬೇಡ. ಹಳ್ಳಿಯವರು ಒಂದು ಮಾತನ್ನು ಎಷ್ಟು ಥರ ಮುಚ್ಚಿ ಹೇಳುತ್ತಾರೆ ಅಂತ ಕೇಳಿಸಿಕೊಳ್ಳುವ ಕಿವಿ ಇದ್ದರೆ, ಬೇರೆ ದೇಶದ ಸಾಕ್ಷಿಯ ಮುಂದೆಯೂ ನೀನು ಅವಸರ ಮಾಡುವುದಿಲ್ಲ. ಟೋಕಿಯೊ ಪಾಠ ಬಂದಾಗ ಅಲ್ಲಿ ಕೂತಿದ್ದ ನಮ್ಮ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಬರೆದ ಭಿನ್ನ ತೀರ್ಪನ್ನೂ ಓದು. ಹನ್ನೊಂದು ನ್ಯಾಯಾಧೀಶರಲ್ಲಿ ಎಲ್ಲ ಆರೋಪಿಗಳನ್ನೂ ಬಿಡಬೇಕು ಅಂದವರು ಅವರೊಬ್ಬರೇ. ಒಪ್ಪಬೇಕಾಗಿಲ್ಲ, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಗೆದ್ದವರೇ ಸೋತವರನ್ನು ವಿಚಾರಿಸುವುದು ನ್ಯಾಯವೇ ಅನ್ನುವ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಬೇಡ.

ಇವನ್ನೆಲ್ಲ ರಾತ್ರಿ ಒಬ್ಬಳೇ ಕೂತು ಓದಬೇಡ ಪುಟ್ಟಿ. ಹಗಲು ಓದು, ಓದಿದ್ದನ್ನು ಯಾರ ಹತ್ತಿರವಾದರೂ ಮಾತಾಡು. ನನಗೂ ಫೋನ್ ಮಾಡಬಹುದು.

ಪರೀಕ್ಷೆ ಮುಗಿದ ಮೇಲೆ ಇಲ್ಲಿಗೆ ಬಾ. ಸೆಷನ್ಸ್ ಕೋರ್ಟಿನಲ್ಲಿ ಒಂದು ಕೊಲೆ ಕೇಸಿನ ಪಾಟೀಸವಾಲು ಪೂರ್ತಿ ಕೂತು ನೋಡೋಣ. ನಿನ್ನಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಫ್ರೆಂಚ್ ತರಗತಿಯ ಫೀಸು ಎಷ್ಟು ಅಂತ ತಿಳಿಸು, ಅದು ನನ್ನ ಪಾಲಿನದು.

ಇಂತಿ ನಿನ್ನ ಮಾವ