ಸೈಕಲ್ ಹಂಚಿಕೆ ಯೋಜನೆಯ ಗುತ್ತಿಗೆ ಷರತ್ತುಗಳ ಕುರಿತು ಮನವಿ

ಗೆ,
ಮಾನ್ಯ ಆಯುಕ್ತರು,
ಮೈಸೂರು ಮಹಾನಗರ ಪಾಲಿಕೆ, ಮೈಸೂರು.

ಇಂದ,
ಸರಸ್ವತಿಪುರಂ ಮತ್ತು ಕುವೆಂಪುನಗರದ ನಿವಾಸಿಗಳು.

ವಿಷಯ: ಸಾರ್ವಜನಿಕ ಸೈಕಲ್ ಯೋಜನೆಯ ಮುಂದಿನ ಗುತ್ತಿಗೆಗಳಲ್ಲಿ ಸವಾರರ ತೃಪ್ತಿಯನ್ನು ಅಳತೆಗೋಲಾಗಿಸುವ ಬಗ್ಗೆ.

ಮಾನ್ಯರೇ,

2017ರ ಜೂನ್‌ನಲ್ಲಿ ಸುಮಾರು 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಆರಂಭವಾದಾಗ, ಸಾರ್ವಜನಿಕ ಸೈಕಲ್ ಸೇವೆಯನ್ನು ನಗರದ ಮಟ್ಟದಲ್ಲಿ ಕೈಗೆತ್ತಿಕೊಳ್ಳುವುದರಲ್ಲಿ ಮೈಸೂರು ದೇಶದಲ್ಲೇ ಮುಂಚೂಣಿಯಲ್ಲಿತ್ತು. ಈ ಹೆಮ್ಮೆಯಿಂದಲೇ, ಯೋಜನೆಯ ವಿಸ್ತರಣೆ ಮತ್ತು ನಿರ್ವಹಣೆಯ ಕುರಿತು ನಮ್ಮ ಕೋರಿಕೆಯನ್ನು ತಮ್ಮ ಮುಂದಿಡುತ್ತಿದ್ದೇವೆ.

ಇಂತಹ ಯೋಜನೆಗಳ ಸಾಧನೆಯನ್ನು ಸಾಮಾನ್ಯವಾಗಿ ಸೈಕಲ್‌ಗಳ ಮತ್ತು ನಿಲ್ದಾಣಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಆದರೆ ಕಾಲೇಜಿಗೋ ಕಚೇರಿಗೋ ಹೊರಟವರಿಗೆ ಬೇಕಾಗಿರುವುದು ಎರಡೇ ಭರವಸೆ: ಹೊರಡುವಲ್ಲಿ ಓಡಿಸಲು ಯೋಗ್ಯವಾದ ಸೈಕಲ್ ಸಿಗಬೇಕು, ತಲುಪಿದಲ್ಲಿ ಅದನ್ನು ಮರಳಿಸಲು ಖಾಲಿ ಜಾಗವಿರಬೇಕು. ಎರಡನೆಯದು ಯೋಜನೆ ರೂಪಿಸುವವರ ಗಮನಕ್ಕೆ ಬರುವುದು ಕಡಿಮೆ. ಬೆಳಿಗ್ಗೆ ಬಡಾವಣೆಗಳಿಂದ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಕಡೆಗೆ ಹೋಗುವವರೆಲ್ಲರೂ ಒಂದೇ ದಿಕ್ಕಿಗೆ ಸಾಗುವುದರಿಂದ, ಮನೆಯ ಬಳಿಯ ನಿಲ್ದಾಣ ಬರಿದಾಗುವ ಹೊತ್ತಿಗೆ ಆ ಕಡೆಯ ನಿಲ್ದಾಣ ತುಂಬಿರುವುದು ಸಹಜ. ಆಗ ಸವಾರರು ಸೈಕಲ್ ಒಪ್ಪಿಸಲಾಗದೆ ಮತ್ತೊಂದು ನಿಲ್ದಾಣ ಹುಡುಕುತ್ತಾ ತರಗತಿಯ ಮೊದಲ ಗಂಟೆಯನ್ನೇ ಕಳೆದುಕೊಳ್ಳಬಹುದು.

2007ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ‘ವೆಲಿಬ್’ ಯೋಜನೆಯು ಸುಮಾರು 300 ಮೀಟರ್‌ಗೊಂದು ನಿಲ್ದಾಣವಿರುವಂತೆ ಜಾಲವನ್ನು ಹೆಣೆದಿದ್ದರಿಂದ, ಒಂದು ನಿಲ್ದಾಣ ತುಂಬಿದ್ದರೂ ಇನ್ನೊಂದು ನಡೆದು ಹೋಗುವಷ್ಟು ಹತ್ತಿರದಲ್ಲಿರುತ್ತಿತ್ತು. ಎತ್ತರದ ಪ್ರದೇಶದ ನಿಲ್ದಾಣಗಳಿಗೆ ಸೈಕಲ್ ತಂದೊಪ್ಪಿಸಿದವರಿಗೆ ಅಲ್ಲಿ ಹೆಚ್ಚುವರಿ 15 ನಿಮಿಷಗಳ ಉಚಿತ ಸಮಯ ನೀಡಿ, ತುಂಬಿದ ನಿಲ್ದಾಣಗಳಿಂದ ಖಾಲಿ ನಿಲ್ದಾಣಗಳಿಗೆ ಸೈಕಲ್‌ಗಳನ್ನು ಲಾರಿಗಳಲ್ಲಿ ಸಾಗಿಸುವ ಮರುಹಂಚಿಕೆಯ ಕೆಲಸದ ಒಂದು ಪಾಲನ್ನು ಸವಾರರಿಂದಲೇ ಮಾಡಿಸಲಾಯಿತು. ಖಾಲಿಯಾಗುತ್ತಿರುವ ನಿಲ್ದಾಣಕ್ಕೆ ಸೈಕಲ್ ತರುವವರಿಗೆ ಇಂಥದೇ ರಿಯಾಯಿತಿಯನ್ನು ನಮ್ಮಲ್ಲೂ ಕೊಡಬಹುದು. ಇದಕ್ಕೆ ಹೆಚ್ಚಿನ ವೆಚ್ಚವೂ ತಗಲದು. ಅದೇ ಪ್ಯಾರಿಸ್‌ನಲ್ಲಿ 2018ರ ಆರಂಭದಲ್ಲಿ ನಿರ್ವಹಣೆ ಹೊಸ ಸಂಸ್ಥೆಯ ಕೈಗೆ ಹೋದಾಗ, ಹೊಸ ನಿಲ್ದಾಣಗಳು ಸಕಾಲಕ್ಕೆ ಸಿದ್ಧವಾಗದೆ ಅನೇಕ ಚಂದಾದಾರರು ಯೋಜನೆಯನ್ನು ತೊರೆದರು. ವರ್ಷಗಳ ಕಾಲ ಬೆಳೆದು ಬಂದ ಅಭ್ಯಾಸವು ಕೆಲವೇ ತಿಂಗಳ ಅಸ್ತವ್ಯಸ್ತತೆಯಿಂದ ಮುರಿಯಬಲ್ಲದು ಎಂಬುದನ್ನು ಗುತ್ತಿಗೆ ಬದಲಾಯಿಸುವ ಯಾವ ನಗರವೂ ಮರೆಯಬಾರದು.

ಆದ್ದರಿಂದ ನಿರ್ವಾಹಕರಿಗೆ ಪಾವತಿಸುವ ಮೊತ್ತದ ಗಣನೀಯ ಭಾಗವನ್ನು ಸೈಕಲ್‌ಗಳ ಸಂಖ್ಯೆಗೆ ಬದಲಾಗಿ, ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ವೇಳೆಯಲ್ಲಿ ಪೂರ್ತಿ ಖಾಲಿಯಾಗಿರುವ ಅಥವಾ ಪೂರ್ತಿ ತುಂಬಿರುವ ನಿಲ್ದಾಣಗಳ ಪ್ರಮಾಣಕ್ಕೆ ಜೋಡಿಸಬೇಕೆಂದೂ, ಆ ಅಂಕಿಅಂಶಗಳನ್ನು ಪ್ರತಿ ತಿಂಗಳು ಪ್ರಕಟಿಸಬೇಕೆಂದೂ ಕೋರುತ್ತೇವೆ. ಬ್ರೇಕ್, ಚೈನ್ ಮತ್ತು ಸೀಟಿನ ಎತ್ತರ ಸರಿಪಡಿಸುವ ಕ್ಲಿಪ್ಪಿನ ದುರಸ್ತಿಗೆ ಗಡುವು ನಿಗದಿಯಾಗಬೇಕು. ಸೀಟು ತಗ್ಗಿಸಲು ಬಾರದ ಸೈಕಲ್ ಅನೇಕ ಮಹಿಳೆಯರಿಗೆ ಇದ್ದೂ ಇಲ್ಲದಂತೆಯೇ. ಮೊಬೈಲ್ ಆಪ್ ಬಂದರೂ ಸ್ಮಾರ್ಟ್ ಕಾರ್ಡ್ ಸೌಲಭ್ಯವನ್ನು ಕೈಬಿಡಬಾರದು. ತುಂಬಿದ ನಿಲ್ದಾಣಕ್ಕೆ ಬಂದವರಿಗೆ ಹತ್ತಿರದ ನಿಲ್ದಾಣ ತಲುಪಲು ಬೇಕಾದ ಸಮಯಕ್ಕೆ ಶುಲ್ಕ ವಿಧಿಸದಿರುವ ನಿಯಮವೂ ಗುತ್ತಿಗೆಯಲ್ಲಿ ಸೇರಲಿ.

ಷರತ್ತುಗಳ ಕರಡನ್ನು ಅಂತಿಮಗೊಳಿಸುವ ಮುನ್ನ ನಿತ್ಯ ಸವಾರರ ಸಭೆಯೊಂದನ್ನು ವಾರ್ಡ್ ಮಟ್ಟದಲ್ಲಿ ಕರೆಯಬೇಕೆಂದು ವಿನಂತಿಸುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಸರಸ್ವತಿಪುರಂ ಮತ್ತು ಕುವೆಂಪುನಗರದ ನಿವಾಸಿಗಳು