ಹಸು ಮಲಗುವ ನೆಲವನ್ನೂ ನೋಡಿ

ಮಾನ್ಯ ಸಂಪಾದಕರೇ,

ಹೈನುಗಾರಿಕೆಯ ಮಾತು ಬಂದಾಗಲೆಲ್ಲ ತಳಿ, ಮೇವು ಮತ್ತು ಹಾಲಿನ ಇಳುವರಿಯ ಚರ್ಚೆಯೇ ನಡೆಯುತ್ತದೆ. ಹಸು ದಿನದ ಅರ್ಧ ಭಾಗವನ್ನು ಕಳೆಯುವ ನೆಲದ ಬಗ್ಗೆ ಕೇಳುವವರು ಕಡಿಮೆ. ಅನುಕೂಲವಿದ್ದರೆ ಹಾಲು ಕರೆಯುವ ಹಸು ದಿನಕ್ಕೆ ಸುಮಾರು 10ರಿಂದ 14 ಗಂಟೆ ಮಲಗಿರುತ್ತದೆ. ಮೆಲುಕು ಹಾಕುವುದೂ ಬಹುಪಾಲು ಆಗಲೇ. ಆ ಹೊತ್ತಿನಲ್ಲಿ ಕೆಚ್ಚಲಿಗೆ ರಕ್ತದ ಹರಿವು ಹೆಚ್ಚುತ್ತದೆ, ಗೊರಸುಗಳಿಗೂ ಬಿಡುವು ಸಿಗುತ್ತದೆ.

ಹಸು ಮಲಗುವಾಗ ಮೊದಲು ಮುಂಗಾಲು ಮಡಿಸಿ ಮಂಡಿಯೂರುತ್ತದೆ, ಅಂದರೆ ಮೈಭಾರದ ದೊಡ್ಡ ಪಾಲು ಒಂದು ಕ್ಷಣ ಆ ಎರಡು ಮಂಡಿಗಳ ಮೇಲೆ ಬೀಳುತ್ತದೆ. ಏಳುವಾಗ ತಲೆಯನ್ನು ಮುಂದಕ್ಕೆ ಚಾಚಿ, ಆ ಬಲದಿಂದ ಹಿಂಭಾಗವನ್ನು ಮೊದಲು ಎತ್ತುತ್ತದೆ. ಗೋದಲಿಯ ಗೋಡೆ ಮೂತಿಗೆ ತಾಗುವಷ್ಟು ಹತ್ತಿರವಿದ್ದರೆ ಅಥವಾ ಕಟ್ಟಿದ ಹಗ್ಗ ಗಿಡ್ಡದಾಗಿದ್ದರೆ ಅದಕ್ಕೆ ಸಲೀಸಾಗಿ ಏಳಲು ಆಗುವುದೇ ಇಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ತೊಳೆಯಲು ಸುಲಭವೆಂದು ಕೊಟ್ಟಿಗೆಗೆ ಬರೀ ಸಿಮೆಂಟ್ ನೆಲ ಹಾಕಿಸಿದೆ. ಕೆಲವು ತಿಂಗಳಲ್ಲಿ ಹಸುವಿನ ಮಂಡಿಯ ಕೂದಲು ಉದುರಿ ಚರ್ಮ ದಡ್ಡುಗಟ್ಟಿತು. ಮಲಗಲೆಂದು ನೆಲ ಮೂಸಿ, ಮುಂಗಾಲು ಅರ್ಧ ಮಡಿಸಿ, ಮತ್ತೆ ನೆಟ್ಟಗೆ ನಿಂತುಬಿಡುತ್ತಿತ್ತು. ನಾನೋ ಮಂಡಿಗೆ ಮುಲಾಮು ಹಚ್ಚುತ್ತಿದ್ದೆನೇ ಹೊರತು ನೆಲದ ಕಡೆ ನೋಡಲಿಲ್ಲ. ರಬ್ಬರ್ ಮ್ಯಾಟ್ ಹಾಸಿ, ಅದರ ಮೇಲೆ ಒಣಹುಲ್ಲು ಹರಡಿದ ಮೇಲೆಯೇ ಆ ಹಿಂಜರಿಕೆ ನಿಂತದ್ದು. ಹುಲ್ಲನ್ನು ದಿನವೂ ಬದಲಿಸಬೇಕು, ನಿಜ. ಗಂಜಲದಲ್ಲಿ ನೆನೆದ ಹಾಸು ಕೆಚ್ಚಲು ಬಾವಿಗೆ ದಾರಿ ಮಾಡುತ್ತದೆ.

ಪ್ರಾಣಿ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಸ್ವಾತಂತ್ರ್ಯವಿರಬೇಕೆಂದು ಸಾಕುಪ್ರಾಣಿಗಳ ಯೋಗಕ್ಷೇಮವನ್ನು ಪರಿಶೀಲಿಸಿದ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ 1965ರಲ್ಲೇ ಹೇಳಿತ್ತು. ಗಿಡ್ಡ ಹಗ್ಗದಲ್ಲಿ ದಿನವಿಡೀ ಕಟ್ಟಿಹಾಕಿದ ಹಸುವಿಗೆ ಇವುಗಳಲ್ಲಿ ತಿರುಗುವುದಂತೂ ದಕ್ಕುವುದಿಲ್ಲ. ಕುಡಿಯುವ ನೀರು ಸದಾ ಎದುರಿಗಿರಬೇಕೆಂಬುದನ್ನೂ, ಕರುವಿನ ಕೊಂಬಿನ ಮೊಳಕೆ ಸುಡುವ ಮುನ್ನ ಅರಿವಳಿಕೆ ಚುಚ್ಚುಮದ್ದು ಕೊಡಿಸಬೇಕೆಂಬುದನ್ನೂ ಬೇರೆಯಾಗಿ ಹೇಳಬೇಕಿಲ್ಲವೆಂದುಕೊಂಡಿದ್ದೇನೆ, ಆದರೂ ಎರಡೂ ತಪ್ಪಿಹೋಗುವುದೇ ಹೆಚ್ಚು.

ಕೊಟ್ಟಿಗೆ ಕಟ್ಟಲು ಸಾಲ ಅಥವಾ ಸಹಾಯಧನ ಕೊಡುವವರು ಚಾವಣಿ, ಗೋಡೆಗಳ ಅಳತೆಯ ಜೊತೆಗೆ ನೆಲದ ಹಾಸನ್ನೂ, ಹಸುವಿನ ತಲೆಯ ಮುಂದೆ ಬಿಟ್ಟಿರುವ ಜಾಗವನ್ನೂ ನೋಡಿಯೇ ಹಣ ಮಂಜೂರು ಮಾಡಬೇಕು. ಹಾಗೆಯೇ ಹಾಲು ಕೊಳ್ಳುವವರು ಜಿಡ್ಡಿನ ಅಂಶ ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ಹಸುಗಳ ಮಂಡಿ, ಗೊರಸು ಮತ್ತು ನಡಿಗೆಯನ್ನು ತಪಾಸಣೆ ಮಾಡಿಸಲಿ.

– ಒಬ್ಬ ಹೈನುಗಾರ